ರಾತ್ರಿ 11.59ರ ಗೆರೆ

ಹಡಪಸರ ದಾಟಿ ದಿವೆ ಘಾಟ್ ಹತ್ತಿದರೆ ಆಚೆ ಬದಿಗೆ ಸಾಸವಡ. ಕರ್ಹಾ ನದಿಯ ದಂಡೆಯ ಊರು. ಸೋಪಾನದೇವರ ಸಮಾಧಿ ಇಲ್ಲಿದೆ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ಪುಣೆ ಬಿಟ್ಟು ಘಾಟ್ ಏರಿ ಬಂದು ತಂಗುವುದೂ ಇಲ್ಲೇ. ಇನ್ನಷ್ಟು ಮುಂದಕ್ಕೆ ಹೋದರೆ ಜೇಜುರಿ. ಮರಾಠಿಗರಿಗೆ ಅಲ್ಲಿರುವವನು ಖಂಡೋಬಾ, ನಮ್ಮ ಕಡೆಯಿಂದ ಹೋದವರಿಗೆ ಅವನೇ ಮೈಲಾರಲಿಂಗ. ಈ ಸೀಮೆಯಲ್ಲಿ ಕುಸ್ತಿಯಿಲ್ಲದ ಜಾತ್ರೆ ಅಪರೂಪ. ನಾವು ಗರಡಿ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುತ್ತಾರೆ. ವಿಜಯಪುರ, ಬೆಳಗಾವಿ ಕಡೆಯವರಿಗೆ ಆ ಪದ ಹೊಸದೇನಲ್ಲ.

ಇಂಥ ತಾಲೀಮಿನ ಕೆಮ್ಮಣ್ಣಿನಲ್ಲಿ ಬೆಳೆದ ಇಪ್ಪತ್ತರ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಪೈಲವಾನ ಎಂದರೆ ಸಾಕು. ನಾಳೆ ಬೆಳಿಗ್ಗೆ ಪುಣೆಯ ಬಾಲೇವಾಡಿ ಕ್ರೀಡಾಸಂಕುಲದಲ್ಲಿ ರಾಷ್ಟ್ರೀಯ ಮಟ್ಟದ ಮ್ಯಾಟ್ ಕುಸ್ತಿ. ಇವತ್ತು ಶಿವರಾತ್ರಿ. ಸಂಗಮೇಶ್ವರ ಗುಡಿಗೆ ಹೋಗಿ ಬರುವ ದಾರಿಯಲ್ಲಿ ಗೆಳೆಯರು ಒಂದು ಲೋಟ ಥಂಡಾಯಿ ಕೊಟ್ಟರು. ಬಾದಾಮಿ ಅರೆದು ಹಾಲಿಗೆ ಹಾಕಿದ ಥಂಡಾಯಿ ಪೈಲವಾನನ ದಿನದ ಪಾನೀಯವೇ. ಆದರೆ ಇವತ್ತಿನದರಲ್ಲಿ ಭಂಗಿ ಸೊಪ್ಪೂ ಇದೆ. ನಾಳೆ ಗೆದ್ದ ಮೇಲೆ ಯಾರೋ ಬಂದು ಮೂತ್ರದ ಸ್ಯಾಂಪಲ್ ಕೇಳಿದರೆ?

ಕಟ್ಟೆಯ ಮೇಲೆ ಈ ಪ್ರಶ್ನೆ ಎತ್ತಿದರೆ ಎರಡೇ ಉತ್ತರ ಬರುತ್ತವೆ. ‘ಮುಗೀತು ಅವನ ಕತೆ, ಜೀವಾವಧಿ ಬ್ಯಾನ್’ ಎನ್ನುವವರು ಒಂದು ಕಡೆ, ‘ಭಂಗಿಗೆಲ್ಲ ಯಾರು ಕೇಳ್ತಾರೆ’ ಎನ್ನುವವರು ಇನ್ನೊಂದು ಕಡೆ. ನಿಯಮದ ಪುಸ್ತಕದಲ್ಲಿ ಎರಡೂ ಇಲ್ಲ. ಶಿಕ್ಷೆ ಒಂದು ತಿಂಗಳಿರಬಹುದು, ಮೂರು ತಿಂಗಳಿರಬಹುದು, ಎರಡು ವರ್ಷವೂ ಆಗಬಹುದು. ಕೆಲವು ವಸ್ತುಗಳಿಗೆ ನಾಲ್ಕು ವರ್ಷದವರೆಗೂ ಹೋಗುತ್ತದೆ. ಎಷ್ಟು ಎಂಬುದನ್ನು ತೀರ್ಮಾನಿಸುವುದು ಲೋಟ ಎತ್ತಿದ ಗಳಿಗೆ, ಎತ್ತಿದ್ದರ ಉದ್ದೇಶ, ಆಮೇಲೆ ಅವನು ಬಾಯಿ ಬಿಟ್ಟು ಹೇಳಿದ ಮಾತು.

ಎಲ್ಲರಿಗೂ ನೆನಪಿರುವ ಪ್ರಕರಣ ಕಗಿಸೊ ರಬಾಡನದು. 2025ರ ಐಪಿಎಲ್‌ಗೆ ಗುಜರಾತ್ ಟೈಟನ್ಸ್ ಅವನನ್ನು 10.75 ಕೋಟಿ ಕೊಟ್ಟು ತಂದಿತ್ತು. ಏಪ್ರಿಲ್ ಮೊದಲ ವಾರದಲ್ಲಿ ‘ವೈಯಕ್ತಿಕ ಕಾರಣ’ ಎಂದು ಹೇಳಿ ಅವನು ದಕ್ಷಿಣ ಆಫ್ರಿಕಾಕ್ಕೆ ಮರಳಿದ. ಕಾರಣ ಹೊರಗೆ ಬಂದದ್ದು ಮೇ ತಿಂಗಳಲ್ಲಿ. ಜನವರಿಯ ಎಸ್‌ಎ20 ಲೀಗಿನಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ನಶೆಯ ವಸ್ತು ಸಿಕ್ಕಿತ್ತು. ಏಪ್ರಿಲ್ 1ರಿಂದ ತಾತ್ಕಾಲಿಕ ಅಮಾನತು, ಚಿಕಿತ್ಸಾ ಕಾರ್ಯಕ್ರಮ ಮುಗಿಸಿದ್ದರಿಂದ ಒಂದೇ ತಿಂಗಳ ನಿಷೇಧ. ಜೂನ್‌ನಲ್ಲಿ ಲಾರ್ಡ್ಸ್‌ನ ವಿಶ್ವ ಟೆಸ್ಟ್ ಫೈನಲ್‌ನಲ್ಲಿ ಅವನು ಒಂಬತ್ತು ವಿಕೆಟ್ ಪಡೆದು ದಕ್ಷಿಣ ಆಫ್ರಿಕಾದ ಗೆಲುವಿಗೆ ಹೆಗಲಾದ.

ಇದರ ಪಕ್ಕದಲ್ಲಿ ಮುಂಬೈನ ಪೃಥ್ವಿ ಶಾ ಪ್ರಕರಣವನ್ನಿಡಿ. 2019ರ ಫೆಬ್ರವರಿಯಲ್ಲಿ ಇಂದೋರಿನಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿಯ ವೇಳೆ ಕೊಟ್ಟ ಸ್ಯಾಂಪಲ್‌ನಲ್ಲಿ ಟರ್ಬುಟಲಿನ್ ಸಿಕ್ಕಿತು. ಕೆಮ್ಮಿನ ಸಿರಪ್‌ನಲ್ಲಿ ಇರುವ ವಸ್ತು ಅದು. ಕೆಮ್ಮಿಗೆ ಕುಡಿದೆ ಎಂದ, ಕ್ರಿಕೆಟ್ ಮಂಡಳಿ ಆ ಮಾತನ್ನು ನಂಬಿತು ಕೂಡ. ಆದರೂ ನಿಷೇಧ ಎಂಟು ತಿಂಗಳು.

ಕೆಮ್ಮಿನ ಔಷಧಿಗೆ ಎಂಟು ತಿಂಗಳು, ನಶೆಗೆ ಒಂದು ತಿಂಗಳು! ಮೊದಲು ಕೇಳಿದಾಗ ಯಾರಿಗಾದರೂ ಇದು ಉಲ್ಟಾ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಈ ಕಾನೂನು ನಶೆ ಕೆಟ್ಟದ್ದೋ ಒಳ್ಳೆಯದೋ ಎಂದು ನೋಡುವುದೇ ಇಲ್ಲ. ಅದು ಕಾಯುವುದು ಪಂದ್ಯವನ್ನು. ಟರ್ಬುಟಲಿನ್ ಉಸಿರಾಟದ ನಾಳಗಳನ್ನು ಸಡಿಲಿಸುತ್ತದೆ, ಹಾಗಾಗಿ ಪಂದ್ಯ ಇರಲಿ ಬಿಡಲಿ, ವರ್ಷಪೂರ್ತಿ ನಿಷಿದ್ಧ. ಶನಿವಾರ ರಾತ್ರಿಯ ಪಾರ್ಟಿಯಲ್ಲಿ ಮೂಗಿಗೇರಿಸಿದ ಕೊಕೇನ್‌ಗೂ ಮುಂದಿನ ಗುರುವಾರದ ಬೌಲಿಂಗ್‌ಗೂ ನಂಟಿಲ್ಲ ಎಂದು ಸಾಬೀತಾದರೆ ಆ ಕಾನೂನಿಗೆ ಅದು ಕ್ರೀಡಾದ್ರೋಹವಲ್ಲ, ಒಬ್ಬ ಮನುಷ್ಯನ ಆರೋಗ್ಯದ ತೊಂದರೆ.

ಈ ದೃಷ್ಟಿ ಬಂದದ್ದು ಇತ್ತೀಚೆಗೆ. ವಿಶ್ವ ಉದ್ದೀಪನ ತಡೆ ಸಂಸ್ಥೆ, ಎಲ್ಲರ ಬಾಯಲ್ಲಿ ವಾಡಾ, ತನ್ನ ಸಂಹಿತೆಯನ್ನು ತಿದ್ದಿ 2021ರ ಜನವರಿ 1ರಿಂದ ಜಾರಿಗೆ ತಂದಾಗ ‘ವ್ಯಸನದ ವಸ್ತುಗಳು’ ಎಂದು ಬೇರೆಯೇ ಒಂದು ಗುಂಪು ಮಾಡಿತು. ಅದರಲ್ಲಿರುವುದು ನಾಲ್ಕೇ: ಕೊಕೇನ್, ಹೆರಾಯಿನ್, ಎಂಡಿಎಂಎ ಅಂದರೆ ಎಕ್ಸ್‌ಟಸಿ, ಮತ್ತು ಗಾಂಜಾ ಗಿಡದ ನಶೆಯ ಅಂಶವಾದ ಟಿಎಚ್‌ಸಿ. ಕ್ರೀಡೆಯ ಹೊರಗೆ ಸಮಾಜದಲ್ಲಿ ಇವುಗಳ ದುರ್ಬಳಕೆ ಹೆಚ್ಚು ಎಂಬುದೇ ಈ ಬೇರ್ಪಡಿಕೆಗೆ ಕಾರಣ. ನಮ್ಮ ದೇಶದ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ತಡೆ ಸಂಸ್ಥೆ, ತನ್ನ 2021ರ ನಿಯಮಗಳಲ್ಲಿ ಇದನ್ನೇ ಅಳವಡಿಸಿಕೊಂಡಿದೆ. ಆಂಫೆಟಮಿನ್ ಈ ಗುಂಪಿನಲ್ಲಿಲ್ಲ. ನೋವಿಗೆ ನುಂಗುವ, ಚಟವೂ ಹತ್ತಬಲ್ಲ ಟ್ರಾಮಡಾಲ್ ಕೂಡ ಇಲ್ಲ. 2024ರಿಂದ ಪಂದ್ಯದ ವೇಳೆಗೆ ಅದು ನಿಷಿದ್ಧ. ‘ಮೋಜಿಗೆ ತಗೊಂಡೆ’ ಎಂಬ ರಿಯಾಯಿತಿ ಆ ನಾಲ್ಕಕ್ಕೆ ಮಾತ್ರ.

ಈಗ ತಲೆಬರಹದ ಗೆರೆಗೆ ಬರೋಣ. ಈ ನಾಲ್ಕೂ ವಸ್ತುಗಳು ‘ಪಂದ್ಯದ ಅವಧಿ’ಯಲ್ಲಿ ಮಾತ್ರ ನಿಷಿದ್ಧ. ಆ ಅವಧಿ ಪಂದ್ಯದ ಹಿಂದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ ಶುರುವಾಗಿ, ಪಂದ್ಯ ಮುಗಿದು ಸ್ಯಾಂಪಲ್ ಕೊಟ್ಟೆದ್ದು ಬರುವವರೆಗೆ ಇರುತ್ತದೆ. ನಮ್ಮ ಪೈಲವಾನ ರಾತ್ರಿ ಎಂಟಕ್ಕೆ ಲೋಟ ಎತ್ತಿದರೆ, ಪುಸ್ತಕದ ಪ್ರಕಾರ ಅದು ಪಂದ್ಯದ ಹೊರಗಿನ ಸೇವನೆ. ಜಾಗರಣೆ ಎಂದು ಕುಳಿತು ಹನ್ನೆರಡೂವರೆಗೆ ಎತ್ತಿದರೆ ಪಂದ್ಯದೊಳಗಿನದು. ಆದರೆ ಯಂತ್ರ ನೋಡುವುದು ಕುಡಿದ ಹೊತ್ತನ್ನಲ್ಲ, ಮೂತ್ರದಲ್ಲಿ ಉಳಿದದ್ದನ್ನು. ಎಂಟು ಗಂಟೆಗೆ ಕುಡಿದದ್ದು ಬೆಳಿಗ್ಗೆ ಹತ್ತಕ್ಕೂ ದೇಹದಲ್ಲಿರುತ್ತದೆ, ಆ ಸ್ಯಾಂಪಲ್ ಪಂದ್ಯದ ಅವಧಿಯದು. ಹಾಗಾಗಿ ಅಪರಾಧ ಆಗಿಯೇ ಆಗುತ್ತದೆ. ಕುಡಿದ ಹೊತ್ತು ಬದಲಿಸುವುದು ಶಿಕ್ಷೆಯನ್ನು ಮಾತ್ರ.

ಪಂದ್ಯದ ಹೊರಗೆ ಸೇವಿಸಿದ್ದು, ಆಟಕ್ಕೆ ಸಂಬಂಧವಿಲ್ಲ ಎಂದು ಆಟಗಾರ ತೋರಿಸಿಕೊಟ್ಟರೆ ಮೂರು ತಿಂಗಳು. ಮಂಜೂರಾದ ಚಿಕಿತ್ಸಾ ಕಾರ್ಯಕ್ರಮವನ್ನು ಪೂರೈಸಿದರೆ ಅದು ಒಂದು ತಿಂಗಳಿಗೆ ಇಳಿಯಬಹುದು. ಅದಕ್ಕಿಂತ ಕೆಳಗೆ ಚೌಕಾಶಿ ಇಲ್ಲ. ‘ನನ್ನ ತಪ್ಪು ದೊಡ್ಡದಲ್ಲ’ ಎಂಬ ವಾದಕ್ಕೆ ಸಿಗುವ ಮಾಮೂಲಿ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ. ಪಂದ್ಯದ ಅವಧಿಯಲ್ಲೇ ಸೇವಿಸಿದ್ದು ಹೌದು, ಆದರೆ ಆಟಕ್ಕಾಗಿ ಅಲ್ಲ ಎಂದು ತೋರಿಸಿದರೆ ಅದನ್ನು ಉದ್ದೇಶಪೂರ್ವಕ ಎಂದು ಎಣಿಸುವುದಿಲ್ಲ, ಲೆಕ್ಕ ಎರಡು ವರ್ಷದಿಂದ ಶುರು. ಏನನ್ನೂ ತೋರಿಸಲಾಗದಿದ್ದರೆ ಕೊಕೇನ್‌ಗೆ ನಾಲ್ಕು ವರ್ಷ. ಟಿಎಚ್‌ಸಿ ಸ್ವಲ್ಪ ಮೃದುವಾದ ಪಟ್ಟಿಯಲ್ಲಿರುವುದರಿಂದ ಎರಡು ವರ್ಷ. ಅದನ್ನು ನಾಲ್ಕಕ್ಕೆ ಏರಿಸಬೇಕಾದರೆ ಬೇಕೆಂದೇ ಮಾಡಿದ್ದು ಎಂದು ನಾಡಾ ಸಾಬೀತು ಮಾಡಬೇಕು.

ಗೆರೆಯ ಹೊರಗೆ ನಿಂತವರ ಕತೆಗಳನ್ನು ನೋಡಿದರೆ ಗೆರೆ ಇನ್ನೂ ಸ್ಪಷ್ಟವಾಗುತ್ತದೆ. 2013ರ ಮಾರ್ಚ್‌ನಲ್ಲಿ ಪಂಜಾಬ್ ಪೊಲೀಸರು ದೊಡ್ಡ ಪ್ರಮಾಣದ ಹೆರಾಯಿನ್ ಹಿಡಿದು, ಒಲಿಂಪಿಕ್ ಕಂಚಿನ ಪದಕದ ಬಾಕ್ಸರ್ ವಿಜೇಂದರ್ ಸಿಂಗ್ ಕೂಡ ಸೇವಿಸಿದ್ದಾರೆ ಎಂದು ಹೇಳಿದರು. ಅವರು ಅಲ್ಲಗಳೆದರು. ಪರೀಕ್ಷೆ ಮಾಡಿ ಎಂಬ ಒತ್ತಾಯ ಬಂದಾಗ ನಾಡಾ ಮೊದಲಿಗೆ ಹಿಂಜರಿಯಿತು. ಪಂದ್ಯವಿಲ್ಲದ ಸಮಯದಲ್ಲಿ ಹೆರಾಯಿನ್‌ಗಾಗಿ ಪರೀಕ್ಷೆ ಮಾಡಲು ವಾಡಾ ನಿಯಮದಲ್ಲಿ ಜಾಗವಿಲ್ಲ ಎಂಬುದು ಅದರ ಮಾತು. ಕೊನೆಗೆ ಕ್ರೀಡಾ ಸಚಿವಾಲಯ ಆದೇಶ ಕೊಟ್ಟ ಮೇಲೆ ಪರೀಕ್ಷೆ ನಡೆಯಿತು, ಮೇ ತಿಂಗಳಲ್ಲಿ ಅವರಿಗೆ ಕ್ಲೀನ್ ಚಿಟ್ ಸಿಕ್ಕಿತು. ಅಂದು ಜನ ನಾಡಾವನ್ನು ಬೈದರು. ನಾಡಾ ಹೇಳಿದ್ದು ಪುಸ್ತಕದಲ್ಲಿದ್ದದ್ದನ್ನೇ.

ಅದಕ್ಕೂ ಒಂದು ವರ್ಷ ಮುಂಚೆ ಪುಣೆಯದೇ ಹೆಸರು ಕೇಳಿಬಂದಿತ್ತು. 2012ರ ಮೇ 19ರಂದು ಗಹುಂಜೆ ಮೈದಾನದಲ್ಲಿ ಪುಣೆ ವಾರಿಯರ್ಸ್ ತನ್ನ ಆ ವರ್ಷದ ಕೊನೆಯ ಐಪಿಎಲ್ ಪಂದ್ಯವನ್ನು ಕೋಲ್ಕತ್ತಾ ವಿರುದ್ಧ ಸೋತಿತು. ಮರುದಿನ ಮುಂಬೈನ ಜುಹುವಿನ ಹೋಟೆಲೊಂದರ ಪಾರ್ಟಿಯ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರಲ್ಲಿ ಈ ತಂಡದ ಇಬ್ಬರು ಬೌಲರ್‌ಗಳೂ ಇದ್ದರು. ನಾವು ಏನೂ ಸೇವಿಸಿಲ್ಲ ಎಂದು ಇಬ್ಬರೂ ಹೇಳಿದರು. ಸ್ಯಾಂಪಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಜುಲೈನಲ್ಲಿ ಪೊಲೀಸರು ಹೇಳಿದರು. ಆದರೆ ಅದು ಪೊಲೀಸರು ತೆಗೆಸಿದ ಸ್ಯಾಂಪಲ್, ಮಾದಕ ವಸ್ತು ಕಾಯ್ದೆಯಡಿಯ ಮೊಕದ್ದಮೆಗಾಗಿ. ಉದ್ದೀಪನ ನಿಯಮದ ಕಣ್ಣಿನಲ್ಲಿ ಸ್ಯಾಂಪಲ್ ಎಂದರೆ ವಾಡಾ ಮಾನ್ಯತೆಯ ಪ್ರಯೋಗಾಲಯದಲ್ಲಿ, ವಾಡಾ ಹೇಳಿದ ಕ್ರಮದಲ್ಲಿ ಪರೀಕ್ಷೆಯಾದದ್ದು. ಪೊಲೀಸ್ ಠಾಣೆ, ನಾಡಾ ಕಚೇರಿ ಎರಡು ಬೇರೆ ಬಾಗಿಲುಗಳು. ಒಂದರಲ್ಲಿ ಸಿಕ್ಕಿಬಿದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ತೆರೆದುಕೊಳ್ಳುವುದಿಲ್ಲ.

ಮೂರನೆಯ ಬಾಗಿಲೂ ಒಂದಿದೆ, ಆಟಗಾರನ ಸ್ವಂತ ಸಂಘದ್ದು. 2009ರಲ್ಲಿ ಮೈಕೆಲ್ ಫೆಲ್ಪ್ಸ್ ಗಾಂಜಾ ಕೊಳವೆ ಹಿಡಿದ ಫೋಟೊ ಹೊರಬಿದ್ದಾಗ ಯಾವ ಪರೀಕ್ಷೆಯಲ್ಲೂ ಅವನು ಸಿಕ್ಕಿಬಿದ್ದಿರಲಿಲ್ಲ. ಅಮೆರಿಕದ ಈಜು ಸಂಸ್ಥೆ ನಡತೆಯ ಹೆಸರಿನಲ್ಲಿ ಮೂರು ತಿಂಗಳು ಹೊರಗಿಟ್ಟಿತು. ಇಂಗ್ಲೆಂಡಿನ ಅಲೆಕ್ಸ್ ಹೇಲ್ಸ್ 2019ರ ಏಕದಿನ ವಿಶ್ವಕಪ್ ತಪ್ಪಿಸಿಕೊಂಡದ್ದು ಕೂಡ ಅಲ್ಲಿನ ಮಂಡಳಿಯ ಸ್ವಂತ ನಶೆ ನೀತಿಯ ದೆಸೆಯಿಂದ, ವಾಡಾದಿಂದಲ್ಲ. ನೌಕರಿ ಕೊಟ್ಟ ರೈಲ್ವೆ, ಪೊಲೀಸ್ ಇಲಾಖೆ, ಪ್ರಾಯೋಜಕರು ತಮ್ಮ ಕರಾರಿನಲ್ಲಿ ಏನು ಬರೆದಿದ್ದಾರೋ ಅದೂ ಬೇರೆ.

2021ಕ್ಕೆ ಮುಂಚೆ ಇದೇ ತಪ್ಪಿಗೆ ಎಷ್ಟಾಗುತ್ತಿತ್ತು? ಮಾರ್ಟಿನಾ ಹಿಂಗಿಸ್ 2007ರ ವಿಂಬಲ್ಡನ್‌ನಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ಕೊಕೇನ್‌ನ ಅಲ್ಪ ಕುರುಹು ಸಿಕ್ಕಿತು. ತಾನು ಮುಟ್ಟಿಯೇ ಇಲ್ಲ ಎಂದು ಆಕೆ ಹೇಳಿ ನಿವೃತ್ತಿ ಘೋಷಿಸಿದರು. ನಿಷೇಧ ಎರಡು ವರ್ಷ. ಇವತ್ತಾಗಿದ್ದರೆ ಮೂರು ತಿಂಗಳಲ್ಲಿ ಮುಗಿಯುತ್ತಿತ್ತು ಎಂದು ಹಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಇವತ್ತಿನ ರಿಯಾಯಿತಿ ಸಿಗುವುದು ‘ಹೌದು, ಇಂಥ ದಿನ, ಇಂಥಲ್ಲಿ ತಗೊಂಡೆ’ ಎನ್ನುವವರಿಗೆ. ಮುಟ್ಟಿಯೇ ಇಲ್ಲ ಎನ್ನುವವರು ಯಾವಾಗ ಮುಟ್ಟಿದೆ ಎಂದು ಹೇಗೆ ಸಾಬೀತು ಮಾಡುತ್ತಾರೆ? ನಿಯಮದ ಈ ಮೂಲೆಯನ್ನು ಜನ ಗಮನಿಸುವುದು ಕಡಿಮೆ. ನಿಜವಾಗಿಯೂ ಮುಟ್ಟದವನೊಬ್ಬನ ದೇಹದಲ್ಲಿ ಅದು ಸಿಕ್ಕಿದರೆ, ಮುಟ್ಟಿದವನಿಗಿಂತ ಅವನ ದಾರಿಯೇ ಕಡಿದು.

ಗಾಂಜಾದ ಕತೆ ಇನ್ನೂ ಸ್ವಾರಸ್ಯ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಾಸ್ ರೆಬಾಗ್ಲಿಯಾಟಿ ಸ್ನೋಬೋರ್ಡಿಂಗ್ ಚಿನ್ನ ಗೆದ್ದ. ಮೂತ್ರದಲ್ಲಿ ಮಿಲಿಲೀಟರಿಗೆ 17.8 ನ್ಯಾನೊಗ್ರಾಂ ಕುರುಹು, ಆಗಿನ ಮಿತಿ 15. ಪಾರ್ಟಿಯಲ್ಲಿ ಬೇರೆಯವರು ಬಿಟ್ಟ ಹೊಗೆ ಎಂದ. ಪದಕ ಕಿತ್ತುಕೊಂಡರು. ಕ್ರೀಡಾ ನ್ಯಾಯಮಂಡಳಿ ತಿರುಗಿಸಿ ಕೊಡಿಸಿತು, ಏಕೆಂದರೆ ಒಲಿಂಪಿಕ್ ಸಮಿತಿ ಗಾಂಜಾವನ್ನು ಸರಿಯಾಗಿ ನಿಷೇಧಿಸಿಯೇ ಇರಲಿಲ್ಲ! 2013ರಲ್ಲಿ ಮಿತಿಯನ್ನು 15ರಿಂದ 150ಕ್ಕೆ ಏರಿಸಿದರು. ವಾರದ ಹಿಂದೆ ಒಮ್ಮೆ ಸೇದಿದವನು ತಪ್ಪಿಸಿಕೊಳ್ಳಲಿ, ಪಂದ್ಯದ ಸಮಯಕ್ಕೆ ಸೇದಿದವನು ಸಿಗಲಿ ಎಂಬುದು ಲೆಕ್ಕ. ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಕೂರುವ ವಸ್ತು. ದಿನವೂ ಸೇದುವವನ ಮೈಯಿಂದ ಅದು ಪೂರ್ತಿ ಇಳಿಯಲು ವಾರಗಳು ಬೇಕು.

ಶಾಕ್ಯಾರಿ ರಿಚರ್ಡ್‌ಸನ್ ನೆನಪಿರಬಹುದು. 2021ರ ಜೂನ್‌ನಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆಯ 100 ಮೀಟರ್ ಓಟವನ್ನು 10.86 ಸೆಕೆಂಡಿನಲ್ಲಿ ಗೆದ್ದವಳು. ಹೆತ್ತ ತಾಯಿ ತೀರಿಕೊಂಡ ಸುದ್ದಿ ಅದೇ ವಾರ ಪತ್ರಕರ್ತರೊಬ್ಬರ ಬಾಯಿಂದ ತಿಳಿಯಿತು, ದುಃಖಕ್ಕೆ ಗಾಂಜಾ ಸೇದಿದೆ ಎಂದು ಒಪ್ಪಿಕೊಂಡಳು. ಓಟ ನಡೆದ ಆರೆಗಾನ್ ರಾಜ್ಯದಲ್ಲಿ ಅದು ಕಾನೂನುಬದ್ಧ. ಸಲಹಾ ಕಾರ್ಯಕ್ರಮ ಮುಗಿಸಿ ಒಂದೇ ತಿಂಗಳ ನಿಷೇಧ ಪಡೆದಳು. ಆದರೆ ಆ ಓಟದ ಫಲಿತಾಂಶ ರದ್ದಾಯಿತು, ಟೋಕಿಯೊ ಒಲಿಂಪಿಕ್ಸ್ ತಪ್ಪಿತು. ಒಂದು ತಿಂಗಳು ಎಂದು ಹಗುರವಾಗಿ ಹೇಳುವಾಗ ಇದನ್ನು ಮರೆಯಬಾರದು. ಪಂದ್ಯದ ವೇಳೆಯ ಸ್ಯಾಂಪಲ್ ಪಾಸಿಟಿವ್ ಬಂದರೆ ವೈಯಕ್ತಿಕ ಕ್ರೀಡೆಯಲ್ಲಿ ಆ ಪಂದ್ಯದ ಫಲಿತಾಂಶ, ಪದಕ, ಬಹುಮಾನ ಎಲ್ಲ ತಾನಾಗಿ ಹೋಗುತ್ತವೆ. ಕ್ರಿಕೆಟಿಗನಿಗೆ ಒಂದು ತಿಂಗಳು ಹೋದರೆ ಮುಂದಿನ ತಿಂಗಳು ಇನ್ನೊಂದು ಸರಣಿ ಇದೆ. ಕುಸ್ತಿಪಟುವಿಗೆ ವರ್ಷಕ್ಕೊಂದೇ ಆಯ್ಕೆ.

‘ಆದರೆ ಭಂಗಿ ಕಾನೂನುಬಾಹಿರ ಅಲ್ಲವಲ್ಲ?’ ಪೈಲವಾನನ ಕಡೆಯವರು ಮೊದಲು ಎತ್ತುವ ತಕರಾರೇ ಇದು. ಅರ್ಧ ನಿಜ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂವು, ಕಾಯಿ ಇರುವ ತುದಿಯನ್ನು. ತುದಿಯಿಲ್ಲದ ಬರೀ ಎಲೆ, ಬೀಜ ಅದರ ವ್ಯಾಖ್ಯೆಯಲ್ಲಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂಬ ನಿಲುವು ತಳೆಯಿತು. ರಾಜ್ಯಗಳ ಅಬಕಾರಿ ಕಾನೂನುಗಳು ಬೇರೆ ಇವೆ, ಅವು ರಾಜ್ಯದಿಂದ ರಾಜ್ಯಕ್ಕೆ ಬೇರೆ ಮಾತಾಡುತ್ತವೆ. ನಮ್ಮಲ್ಲೇ ಶರಣ, ಆರೂಢ ಪರಂಪರೆಯ ಕೆಲವು ಸ್ಥಳಗಳಲ್ಲಿ, ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ, ಗಾಂಜಾ ಪ್ರಸಾದವಾಗಿ ಕೈಗೆ ಬರುತ್ತದೆ ಎಂದು ಪತ್ರಿಕೆಗಳು ಬರೆದಿವೆ. ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದ ಯಂತ್ರಕ್ಕೆ ಎಲೆ, ಹೂವು, ಪ್ರಸಾದ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಟಿಎಚ್‌ಸಿ ಒಡೆದು ಉಂಟಾಗುವ ಒಂದು ಆಮ್ಲ.

ಇನ್ನು ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದು. ಜಾತ್ರೆಯ ಮಣ್ಣಿನ ಕುಸ್ತಿಗೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ರಾಷ್ಟ್ರೀಯ ಚಾಂಪಿಯನ್‌ಶಿಪ್, ಖೇಲೊ ಇಂಡಿಯಾ, ವಿಶ್ವವಿದ್ಯಾಲಯಗಳ ಕ್ರೀಡಾಕೂಟ, ರಾಷ್ಟ್ರೀಯ ಶಿಬಿರ, ಇವು ನಾಡಾದವರು ಕಾಣಿಸಿಕೊಳ್ಳುವ ಜಾಗಗಳು. ಪಂದ್ಯ ಮುಗಿಸಿ ಮ್ಯಾಟ್‌ನಿಂದ ಇಳಿದವನ ಬಳಿ ಬ್ಯಾಡ್ಜ್ ಹಾಕಿಕೊಂಡ ಒಬ್ಬರು ಬಂದು, ನಿಮ್ಮ ಸ್ಯಾಂಪಲ್ ಬೇಕು ಎಂದು ಸಹಿ ಪಡೆಯುತ್ತಾರೆ. ಅಲ್ಲಿಂದ ಸ್ಯಾಂಪಲ್ ಕೊಡುವವರೆಗೆ ಅವರ ಕಣ್ಣು ತಪ್ಪಿಸುವಂತಿಲ್ಲ. ಪದಕ ಸಮಾರಂಭಕ್ಕೆ ಹೋಗಬಹುದು, ಅವರೂ ಜೊತೆಗೆ ಬರುತ್ತಾರೆ. ಹೆದರಿ ಓಡಿಹೋದರೆ ಅದೇ ಬೇರೆ ಅಪರಾಧ, ಅದಕ್ಕೆ ನಾಲ್ಕು ವರ್ಷದವರೆಗೆ ಶಿಕ್ಷೆ. ಒಂದು ತಿಂಗಳಲ್ಲಿ ಮುಗಿಯಬಹುದಾದದ್ದನ್ನು ನಾಲ್ಕು ವರ್ಷಕ್ಕೆ ಎಳೆದುಕೊಳ್ಳುವ ಸುಲಭದ ದಾರಿ ಇದು. ಕೂಟಕ್ಕೆ ನಾಡಾ ಬಂದಿದೆ ಎಂದು ಗೊತ್ತಾದ ಕೂಡಲೇ ಆಟಗಾರರು ಮಾಯವಾದ ಸುದ್ದಿಗಳನ್ನು ನಾವು ಓದಿಲ್ಲವೇ?

ಸ್ಯಾಂಪಲ್ ಕೋಣೆಯಲ್ಲಿ ಸೀಲ್ ಆದ ಹಲವು ಕಿಟ್‌ಗಳಿಂದ ಒಂದನ್ನು ಆಟಗಾರನೇ ಆರಿಸಬೇಕು. ಕನಿಷ್ಠ 90 ಮಿಲಿಲೀಟರ್ ಮೂತ್ರ, ಅದೂ ತನ್ನದೇ ಲಿಂಗದ ಸಿಬ್ಬಂದಿಯ ಕಣ್ಣೆದುರು. ಮುಜುಗರದ ಕೆಲಸ. ಮೊದಲ ಸಲದ ಹುಡುಗರಿಗೆ ಗಂಟೆಗಟ್ಟಲೆ ಬರುವುದೇ ಇಲ್ಲ, ಸೀಲ್ ಬಾಟಲಿಯ ನೀರು ಕುಡಿಯುತ್ತಾ ಕೂರುತ್ತಾರೆ. ಬಂದದ್ದನ್ನು ‘ಎ’, ‘ಬಿ’ ಎಂಬ ಎರಡು ಬಾಟಲಿಗಳಿಗೆ ತಾನೇ ಹಂಚಿ ಮುಚ್ಚಳ ಬಿಗಿಯಬೇಕು. ಪ್ರಯೋಗಾಲಯಕ್ಕೆ ಹೋಗುವ ಕಾಗದದಲ್ಲಿ ಹೆಸರಿರುವುದಿಲ್ಲ, ಬಾಟಲಿಯ ಸಂಖ್ಯೆ ಮಾತ್ರ. ಅದೇ ವೇಳೆ ತುಂಬುವ ಫಾರಂನಲ್ಲಿ ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧಿ, ಪುಡಿ, ಮಾತ್ರೆಗಳನ್ನು ಬರೆಯಲು ಜಾಗವಿದೆ. ನಮ್ಮ ಹುಡುಗರು ಅಲ್ಲಿ ಒಂದು ಅಡ್ಡಗೆರೆ ಎಳೆದು ಎದ್ದುಬರುತ್ತಾರೆ. ಮುಂದೆ ಪ್ರಕರಣವಾದರೆ ಆ ಗೆರೆ ಮತ್ತೆ ಎದುರಿಗೆ ಬರುತ್ತದೆ.

‘ಎ’ ಬಾಟಲಿ ಪಾಸಿಟಿವ್ ಬಂದರೆ ನೋಟಿಸ್. ‘ಬಿ’ ಬಾಟಲಿ ತೆರೆಯಿಸುವ ಹಕ್ಕು ಆಟಗಾರನದು. ಕೊಕೇನ್ ಆದರೆ ತಾತ್ಕಾಲಿಕ ಅಮಾನತು ಕಡ್ಡಾಯ, ಆದರೆ ವ್ಯಸನದ ವಸ್ತುವಿನ ರಿಯಾಯಿತಿಗೆ ತಾನು ಅರ್ಹ ಎಂದು ತೋರಿಸಿದರೆ ಅದನ್ನೂ ತೆಗೆಸಬಹುದು. ಅಮಾನತಿನಲ್ಲಿ ಕಳೆದ ದಿನಗಳು ಮುಂದಿನ ಶಿಕ್ಷೆಯಲ್ಲಿ ವಜಾ ಆಗುತ್ತವೆ. ರಬಾಡನ ಒಂದು ತಿಂಗಳು ಸುದ್ದಿ ಹೊರಬೀಳುವ ಹೊತ್ತಿಗೇ ಕಳೆದುಹೋಗಿದ್ದದ್ದು ಹೀಗೆ. ವಿಚಾರಣೆ ನಾಡಾದ ಶಿಸ್ತು ಸಮಿತಿಯಲ್ಲಿ, ಒಪ್ಪಿಗೆಯಾಗದಿದ್ದರೆ 21 ದಿನಗಳಲ್ಲಿ ಮೇಲ್ಮನವಿ ಸಮಿತಿಗೆ. ಅಂತರರಾಷ್ಟ್ರೀಯ ಮಟ್ಟದವರಿಗೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ.

ಯಾವಾಗ ಸೇವಿಸಿದೆ ಎಂದು ಸಾಬೀತು ಮಾಡುವುದು ಹೇಗೆ? ಕೊಕೇನ್‌ಗೆ ರಸಾಯನಶಾಸ್ತ್ರ ಸ್ವಲ್ಪ ನೆರವಾಗುತ್ತದೆ. ಮೂಲ ಕೊಕೇನ್ ಕೆಲವೇ ಗಂಟೆಗಳಲ್ಲಿ ದೇಹ ಬಿಡುತ್ತದೆ, ಅದು ಒಡೆದು ಆಗುವ ಬೆಂಜೊಯ್ಲೆಕ್ಗೊನಿನ್ ಎರಡು ಮೂರು ದಿನ ಉಳಿಯುತ್ತದೆ. ಮೊದಲನೆಯದು ತೀರಾ ಕಡಿಮೆ, ಎರಡನೆಯದು ಸ್ವಲ್ಪ ಇದೆ ಎಂದರೆ ಸೇವಿಸಿ ದಿನ ಕಳೆದಿದೆ ಎಂದರ್ಥ. ಗಾಂಜಾಕ್ಕೆ ಇಷ್ಟು ನೇರ ಗಡಿಯಾರ ಇಲ್ಲ. ಆಗ ಬೇಕಾಗುವುದು ಜೊತೆಗಿದ್ದವರ ಹೇಳಿಕೆ, ಫೋನಿನ ಸಂದೇಶ, ಹಣ ಕೊಟ್ಟ ದಾಖಲೆ, ಜೊತೆಗೆ ವಿಷವಿಜ್ಞಾನ ತಜ್ಞರ ಅಭಿಪ್ರಾಯ. ಅದು ದುಡ್ಡಿನ ಬಾಬತ್ತು. ಐಪಿಎಲ್ ಆಟಗಾರನ ಹಿಂದೆ ವಕೀಲರ ತಂಡವಿದೆ, ಆಟಗಾರರ ಸಂಘವಿದೆ. ಪುರಂದರ ತಾಲ್ಲೂಕಿನಲ್ಲಿ ಅಂಜೂರ ಬೆಳೆಯುವ ಮನೆಯ ಹುಡುಗನ ಹಿಂದೆ ಉಸ್ತಾದರೊಬ್ಬರೇ. ನಿಯಮ ಇಬ್ಬರಿಗೂ ಒಂದೇ, ಸಾಬೀತು ಮಾಡುವ ಶಕ್ತಿ ಒಂದೇ ಅಲ್ಲ. ಈ ನಿಯಮದ ಬಗ್ಗೆ ನನ್ನ ದೊಡ್ಡ ತಕರಾರು ಅದೇ.

‘ಯಾರೋ ಬೆರೆಸಿಕೊಟ್ಟರು’ ಎಂಬ ವಾದಕ್ಕೆ ಎಷ್ಟು ತೂಕ? ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯಾಡ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. ಮರುವರ್ಷ ಸ್ಟೀರಾಯ್ಡ್ ಪತ್ತೆಯಾದಾಗ, ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಅದಿತ್ತು ಎಂದು ಅವರೂ ಜೊತೆಗಾರ್ತಿಯರೂ ವಾದಿಸಿದರು. ನಾಡಾ ಸಮಿತಿ ಒಂದು ವರ್ಷಕ್ಕಿಳಿಸಿತು, 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಮತ್ತೆ ಎರಡಕ್ಕೇರಿಸಿತು. ಮಹಾರಾಷ್ಟ್ರ ಕೇಸರಿ ಪಟ್ಟವನ್ನು ಮೂರು ಬಾರಿ ಗೆದ್ದ ಕುಸ್ತಿಪಟು ನರಸಿಂಗ್ ಯಾದವ್ 2016ರಲ್ಲಿ ಪಾನೀಯಕ್ಕೆ ಯಾರೋ ಬೆರೆಸಿದರು ಎಂದಾಗ ನಾಡಾ ನಂಬಿತು. ನ್ಯಾಯಮಂಡಳಿಯ ಎದುರು ತಜ್ಞೆಯೊಬ್ಬರು, ಇದು ನೀರಿಗೆ ಬೆರೆಸಿದ ಪುಡಿಯಂತಿಲ್ಲ, ಮಾತ್ರೆ ನುಂಗಿದಂತಿದೆ ಎಂದರು. ರಿಯೊ ಒಲಿಂಪಿಕ್ಸ್‌ನ ಅಖಾಡಕ್ಕಿಳಿಯುವ ಮುನ್ನಾದಿನ ನಾಲ್ಕು ವರ್ಷ ನಿಷೇಧ ಬಿತ್ತು. ಇವು ನಶೆಯ ಪ್ರಕರಣಗಳಲ್ಲ, ಆದರೆ ತತ್ವ ಒಂದೇ. ದೇಹದೊಳಗೆ ಸಿಕ್ಕಿದ್ದಕ್ಕೆ ದೇಹದ ಒಡೆಯನೇ ಹೊಣೆ. ಫ್ರಾನ್ಸಿನ ಟೆನಿಸ್ ಆಟಗಾರ ರಿಷಾರ್ ಗಾಸ್ಕೆ ಒಬ್ಬ ಪಾರಾದ. 2009ರಲ್ಲಿ ಮಯಾಮಿಯ ಕ್ಲಬ್ಬಿನಲ್ಲಿ ಕೊಕೇನ್ ತೆಗೆದುಕೊಂಡಿದ್ದ ಹುಡುಗಿಗೆ ಮುತ್ತಿಟ್ಟದ್ದರಿಂದ ಬಂತು ಎಂದ. ಪ್ರಮಾಣ ಅಷ್ಟು ಸಣ್ಣದಿದ್ದುದರಿಂದ ನ್ಯಾಯಮಂಡಳಿ ಒಪ್ಪಿತು.

ಚಿಕಿತ್ಸೆಯ ಮಾತು. ನ್ಯೂಜಿಲೆಂಡಿನ ಕ್ರಿಕೆಟಿಗ ಡಗ್ ಬ್ರೇಸ್‌ವೆಲ್ 2024ರಲ್ಲಿ ಕೊಕೇನ್‌ಗೆ ಸಿಕ್ಕಿಬಿದ್ದಾಗಲೂ ಮೂರು ತಿಂಗಳು ಒಂದಕ್ಕಿಳಿದದ್ದು ಕಾರ್ಯಕ್ರಮ ಮುಗಿಸಿದ ಮೇಲೆಯೇ. ಯಾವುದೋ ಡಾಕ್ಟರ ಚೀಟಿ ತಂದರೆ ಸಾಲದು, ಆ ಕಾರ್ಯಕ್ರಮಕ್ಕೆ ಉದ್ದೀಪನ ತಡೆ ಸಂಸ್ಥೆಯ ಒಪ್ಪಿಗೆ ಬೇಕು. ಹೀಗೆ ಮೂರು ತಿಂಗಳ ನಿಯಮದಡಿ ಶಿಕ್ಷೆಯಾದದ್ದು ಮುಂದೆ ‘ಎರಡನೇ ತಪ್ಪು’ ಎಂದು ಎಣಿಸುವಾಗ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಮಾದಕ ವಸ್ತು ಕಾಯ್ದೆಯಲ್ಲೂ ಇಂಥದೇ ಒಂದು ಕಿಂಡಿಯಿದೆ. ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಪುಣೆಗೆ ಈ ದಾರಿ ಹೊಸದಲ್ಲ. ಮರಾಠಿ ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ ಡಾ. ಅನಿತಾ ಅವಚಟ್ 1986ರಲ್ಲಿ, ಸಾಹಿತಿ ಪು.ಲ. ದೇಶಪಾಂಡೆಯವರ ನೆರವಿನಿಂದ, ಯರವಡಾದಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಕಟ್ಟಿದರು. ಬ್ರೌನ್ ಶುಗರ್ ನಗರಗಳನ್ನು ನುಂಗುತ್ತಿದ್ದ ಕಾಲ ಅದು. ಚಟಕ್ಕೆ ಬಿದ್ದವನನ್ನು ಕಳ್ಳನಂತೆ ನೋಡದೆ ರೋಗಿಯಂತೆ ನೋಡಬೇಕು ಎಂಬ ಅವರ ಮಾತು ವಾಡಾ ಪುಸ್ತಕಕ್ಕೆ ತಲುಪಲು ಮೂವತ್ತೈದು ವರ್ಷ ಹಿಡಿಯಿತು.

ನಿಷೇಧದ ಅವಧಿಯಲ್ಲಿ ಪೈಲವಾನ ಏನು ಮಾಡಬಹುದು, ಏನು ಮಾಡಬಾರದು ಎಂಬಲ್ಲೂ ಹಲವರು ಎಡವುತ್ತಾರೆ. ಪಂದ್ಯ ಮಾತ್ರವಲ್ಲ, ಫೆಡರೇಷನ್ನಿಗೆ ಸೇರಿದ ಕ್ಲಬ್ಬಿನ ಅಭ್ಯಾಸ, ಶಿಬಿರ, ಕೋಚಿಂಗ್ ಕೂಡ ಮುಚ್ಚಿದ ಬಾಗಿಲು. ನಿಷೇಧದ ಕೊನೆಯ ಎರಡು ತಿಂಗಳು ಅಥವಾ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟರಲ್ಲಿ ಮಾತ್ರ ತಂಡದೊಂದಿಗೆ ಅಭ್ಯಾಸಕ್ಕೆ ಮರಳಬಹುದು. ಮೂರು ತಿಂಗಳ ನಿಷೇಧಕ್ಕೆ ಅದು ಮೂರು ವಾರ. ನಿಷೇಧ ಮೀರಿ ಎಲ್ಲೋ ಒಂದು ಮಾನ್ಯತೆಯ ಕೂಟದಲ್ಲಿ ಇಳಿದರೆ ಅಷ್ಟೇ ಅವಧಿ ಮತ್ತೆ ಮೊದಲಿಂದ ಸೇರುತ್ತದೆ.

ಔಷಧಿಯ ಬಗ್ಗೆ ಅನುಮಾನ ಬಂದರೆ ನಾಡಾದ ‘ನೋ ಯುವರ್ ಮೆಡಿಸಿನ್’ ಎಂಬ ಆ್ಯಪ್ ಇದೆ, ಹೆಸರು ಹಾಕಿ ನೋಡಬಹುದು. ಥಂಡಾಯಿ ಔಷಧಿಯಲ್ಲ. ಅದಕ್ಕೆ ಉಳಿದಿರುವುದು ಕೊಟ್ಟವನನ್ನೇ ಕೇಳುವ ದಾರಿ: ‘ಇದರಾಗ ಬಾದಾಮಿ ಅಷ್ಟೇ ಐತೇನು?’ ಅಕಸ್ಮಾತ್ ಕುಡಿದೇಬಿಟ್ಟಿದ್ದರೆ ಪೈಲವಾನನ ಮುಂದೆ ಎರಡು ಆಯ್ಕೆಗಳಿವೆ. ಬೆಳಿಗ್ಗೆ ತೂಕಕ್ಕೆ ನಿಲ್ಲುವ ಮೊದಲೇ ಉಸ್ತಾದರಿಗೆ ಹೇಳಿ ಕುಸ್ತಿ ಬಿಡಬಹುದು. ಬಿಟ್ಟವನಿಗೆ ಅಂದು ‘ಪಂದ್ಯದ ಅವಧಿ’ ಇಲ್ಲ. ಇಲ್ಲವೇ ಇಳಿಯಬಹುದು. ಇಳಿದ ಮೇಲೆ ಬ್ಯಾಡ್ಜಿನವರು ಬಂದರೆ ಫಾರಂ ತುಂಬಿ, ಬಾಟಲಿ ಮುಚ್ಚಿ, ಲೋಟ ಕೊಟ್ಟ ಗೆಳೆಯರ ಹೆಸರು, ಜಾಗ, ಹೊತ್ತು ಎಲ್ಲವನ್ನೂ ಅಂದೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ನೋಟಿಸ್ ಬರಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಶಿವರಾತ್ರಿಯ ಎಂಟು ಗಂಟೆಯೋ ಹನ್ನೆರಡೂವರೆಯೋ ಎಂಬುದು ಗೆಳೆಯರಿಗೆ ಮರೆತುಹೋಗಿರುತ್ತದೆ.